ಹಾಡು ಉಳಿಯಬೇಕಾದರೆ ಲೆಕ್ಕ ತಿಳಿದಿರಬೇಕು
ಡಿಜಿಟಲ್ ಧ್ವನಿಯ ಪರಿಭಾಷೆ: ಮನೆಯ ಶ್ರೋತೃಗಳಿಗೂ ವರ್ತಕ ಬಾಂಧವರಿಗೂ ಒಂದು ಪರಿಚಯ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಅನೇಕ ಮನೆಗಳಲ್ಲಿ, ಅಟ್ಟದ ಮೇಲಿನ ಟ್ರಂಕಿನಲ್ಲೋ ದೇವರ ಕೋಣೆಯ ಮಾಡದಲ್ಲೋ ಹಳೆಯ ಕ್ಯಾಸೆಟ್ಟುಗಳ ಗಂಟೊಂದು ಇಂದಿಗೂ ಉಳಿದಿರುತ್ತದೆ. ಯಲ್ಲಮ್ಮನ ಗುಡ್ಡದ ಜಾತ್ರೆಯ ಸಾಲಂಗಡಿಯಲ್ಲಿ ಕೊಂಡ ಚೌಡಿಕೆ ಪದಗಳು, ಬೈಲಹೊಂಗಲ ಸೀಮೆಯ ಕಥೆಯೆಂದೇ ಪ್ರಸಿದ್ಧವಾದ ‘ಸಂಗ್ಯಾ ಬಾಳ್ಯಾ’ ಸಣ್ಣಾಟ, ಶ್ರೀಕೃಷ್ಣ ಪಾರಿಜಾತ, ಚನ್ನಮ್ಮ ರಾಯಣ್ಣರ ಮೇಲಿನ ಲಾವಣಿ ಮತ್ತು ಗೀಗೀ ಪದಗಳು, ಸವದತ್ತಿ ತಾಲ್ಲೂಕಿನ ಏಣಗಿ ಬಾಳಪ್ಪನವರಂಥ (1914–2017) ಹಿರಿಯರ ರಂಗಗೀತೆಗಳು, ಇವೆಲ್ಲ ಆ ಗಂಟಿನಲ್ಲಿರಬಹುದು. ಅವುಗಳ ಜೊತೆಯಲ್ಲಿಯೇ, ಹೊದಿಕೆಯ ಮೇಲೆ ಪೆನ್ನಿನಿಂದ ಹೆಸರು ಬರೆದಿಟ್ಟ ಒಂದೆರಡು ಕ್ಯಾಸೆಟ್ಟುಗಳೂ ಇರುತ್ತವೆ. ಊರ ಗುಡಿಯ ಶ್ರಾವಣ ಮಾಸದ ಭಜನೆ, ಮನೆಯ ಮದುವೆಯ ಸೋಬಾನೆ, ತೀರಿಹೋದ ಅಜ್ಜನ ತತ್ವಪದ, ಇವು ಈ ಬಗೆಯವು.

ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟಿನ ಇನ್ನೊಂದು ಪ್ರತಿ ಬೇರೆಲ್ಲಿಯಾದರೂ ದೊರೆತೀತು. ಮನೆಯಲ್ಲಿ ಧ್ವನಿಮುದ್ರಿಸಿದ ಕ್ಯಾಸೆಟ್ಟಿಗೆ ಎರಡನೆಯ ಪ್ರತಿ ಜಗತ್ತಿನಲ್ಲೇ ಇಲ್ಲ. ಫಿಲಿಪ್ಸ್ ಸಂಸ್ಥೆಯು 1963ರಲ್ಲಿ ಬಳಕೆಗೆ ತಂದ ಈ ಪುಟ್ಟ ಪೆಟ್ಟಿಗೆಯೊಳಗಿನ ಪಟ್ಟಿಯ ಅಗಲ 4 ಮಿಲಿಮೀಟರಿಗಿಂತಲೂ ಕಡಿಮೆ. ಅದು ಸೆಕೆಂಡಿಗೆ ಸುಮಾರು 4.76 ಸೆಂಟಿಮೀಟರ್ ವೇಗದಲ್ಲಿ ಸಾಗುತ್ತದೆ. ಕಾಂತೀಯ ಪುಡಿಯನ್ನು ಪಟ್ಟಿಗೆ ಹಿಡಿದಿಡುವ ಅಂಟು ವರ್ಷಗಳು ಕಳೆದಂತೆ ಸಡಿಲಗೊಳ್ಳುತ್ತದೆ. ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ಟು ಚೆನ್ನಾಗಿದ್ದರೂ ಅದನ್ನು ನುಡಿಸುವ ಯಂತ್ರದ ರಬ್ಬರ್ ಬೆಲ್ಟು ಹರಿದು, ರಿಪೇರಿ ಬಲ್ಲವರೇ ವಿರಳವಾಗಿದ್ದಾರೆ.

ಆದ್ದರಿಂದಲೇ ಈ ಹಾಡುಗಳನ್ನು ಮೊಬೈಲಿಗೋ ಪೆನ್ ಡ್ರೈವಿಗೋ ವರ್ಗಾಯಿಸಿಕೊಡುವ ಕೆಲಸವು ಫೋಟೊ ಸ್ಟುಡಿಯೊ, ಕಂಪ್ಯೂಟರ್ ಹಾಗೂ ಮೊಬೈಲ್ ಅಂಗಡಿಗಳಿಗೆ ಒಂದು ಉಪವೃತ್ತಿಯಾಗಬಲ್ಲದು. ಆದರೆ ಇಂಥ ವ್ಯವಹಾರದಲ್ಲಿ ಗ್ರಾಹಕನು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಎಷ್ಟು ರೂಪಾಯಿ, ಯಾವಾಗ ಸಿಗುತ್ತದೆ? ಯಾವ ರೂಪದಲ್ಲಿ ಕೊಡುತ್ತೀರಿ ಎಂಬ ಮೂರನೆಯ ಪ್ರಶ್ನೆಯನ್ನು ಅವನು ಕೇಳುವುದಿಲ್ಲ. ಏಕೆಂದರೆ ಅದಕ್ಕೆ ಬೇಕಾದ ಪದಗಳು ಅವನಿಗೆ ತಿಳಿದಿರುವುದಿಲ್ಲ. ಆ ಹಾಡಿನ ಭವಿಷ್ಯವು ನಿರ್ಧಾರವಾಗುವುದು ಮಾತ್ರ ಈ ಮೂರನೆಯ ಪ್ರಶ್ನೆಯಿಂದಲೇ.

ಧ್ವನಿಯು ಅಂಕಿಯಾಗುವ ಬಗೆ

ಕ್ಯಾಸೆಟ್ಟಿನಲ್ಲಿ ಧ್ವನಿಯ ಏರಿಳಿತವು ಕಾಂತೀಯ ಏರಿಳಿತವಾಗಿ ಅಖಂಡವಾಗಿ ಮುದ್ರಿತವಾಗಿರುತ್ತದೆ. ಇದಕ್ಕೆ ಅನಲಾಗ್ ಎನ್ನುತ್ತಾರೆ. ಆ ಏರಿಳಿತವನ್ನು ಕ್ಷಣಕ್ಷಣಕ್ಕೂ ಅಳೆದು ಅಂಕಿಗಳಲ್ಲಿ ಬರೆದಿಟ್ಟರೆ ಅದು ಡಿಜಿಟಲ್. ಧ್ವನಿಯನ್ನು ಅಂಕಿಯಾಗಿಸುವ ಸಾಧನ ಎಡಿಸಿ. ಅಂಕಿಯನ್ನು ಮರಳಿ ಧ್ವನಿಯ ಸಂಕೇತವಾಗಿಸುವ ಸಾಧನ ಡಿಎಸಿ, ರೂಢಿಯಲ್ಲಿ ಡ್ಯಾಕ್. ಹಾಡು ನುಡಿಸುವ ಪ್ರತಿಯೊಂದು ಮೊಬೈಲು, ಕಂಪ್ಯೂಟರು ಹಾಗೂ ಬ್ಲೂಟೂತ್ ಸ್ಪೀಕರಿನೊಳಗೂ ಡ್ಯಾಕ್ ಇದ್ದೇ ಇರುತ್ತದೆ. ಕ್ಯಾಸೆಟ್ಟಿನಿಂದ ವರ್ಗಾಯಿಸುವಾಗ ಮುಖ್ಯವಾಗುವುದು ಮೊದಲನೆಯದು, ಅಂದರೆ ಎಡಿಸಿ. ಟೇಪ್ ರೆಕಾರ್ಡರಿನ ಲೈನ್ ಔಟ್ ಅಥವಾ ಇಯರ್‌ಫೋನ್ ಕಿಂಡಿಯಿಂದ ತಂತಿಯ ಮೂಲಕ ಎಡಿಸಿಗೆ ಜೋಡಿಸುವುದು ಸರಿಯಾದ ಕ್ರಮ. ಸ್ಪೀಕರಿನ ಮುಂದೆ ಮೊಬೈಲ್ ಹಿಡಿದು ಮುದ್ರಿಸಿಕೊಂಡರೆ ಹಾಡಿನ ಜೊತೆಗೆ ಫ್ಯಾನಿನ ಸದ್ದು, ಬೀದಿಯ ಹಾರ್ನು ಎಲ್ಲವೂ ಕಡತವನ್ನು ಸೇರುತ್ತವೆ.

ಮಾದರಿ ದರ

ಅರಳೆಯ ಪೇಟೆಯನ್ನು ಬಲ್ಲವರಿಗೆ ‘ಮಾದರಿ’ ಎಂಬ ಮಾತು ಹೊಸದಲ್ಲ. ವ್ಯಾಪಾರಿಯು ಅಲ್ಲಲ್ಲಿ ಒಂದು ಹಿಡಿ ಅರಳೆಯನ್ನು ಎಳೆದು ನೋಡಿ ಇಡೀ ಮಾಲಿನ ಗುಣವನ್ನು ಅಂದಾಜಿಸುತ್ತಾನೆ. ಡಿಜಿಟಲ್ ಧ್ವನಿಯಲ್ಲಿಯೂ ಹೀಗೆ ಸೆಕೆಂಡಿಗೆ ಎಷ್ಟು ಸಲ ಅಳತೆ ತೆಗೆಯಲಾಯಿತು ಎಂಬುದೇ ಮಾದರಿ ದರ ಅಥವಾ ಸ್ಯಾಂಪಲಿಂಗ್ ದರ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಇದು ಸೆಕೆಂಡಿಗೆ 44,100, ಇದನ್ನು 44.1 ಕಿಲೋಹರ್ಟ್ಸ್ ಎಂದು ಬರೆಯುತ್ತಾರೆ. ಇದಲ್ಲದೆ 48 ಹಾಗೂ 96 ಕಿಲೋಹರ್ಟ್ಸ್ ದರಗಳೂ ಬಳಕೆಯಲ್ಲಿವೆ.

ಅರಳೆಯ ಮಾದರಿಗೂ ಧ್ವನಿಯ ಮಾದರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಅರಳೆಯದು ಅಂದಾಜು. ಧ್ವನಿಯಲ್ಲಾದರೋ, ಅತಿ ಎತ್ತರದ ಸ್ವರದ ಕಂಪನ ಸಂಖ್ಯೆಯ ಇಮ್ಮಡಿಗಿಂತ ಹೆಚ್ಚು ಸಲ ಅಳತೆ ತೆಗೆದರೆ ಮೂಲ ತರಂಗವನ್ನು ಪೂರ್ಣವಾಗಿ ಮರಳಿ ಕಟ್ಟಬಹುದೆಂಬುದು ಗಣಿತದ ಸಿದ್ಧಾಂತ. ಮನುಷ್ಯನ ಕಿವಿಯು ಹೆಚ್ಚೆಂದರೆ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಸದ್ದನ್ನು ಗ್ರಹಿಸುತ್ತದೆ. ವಯಸ್ಸಾದಂತೆ ಮೇಲಿನ ಮಿತಿ ಇಳಿಯುತ್ತದೆ. 20,000ದ ಇಮ್ಮಡಿ 40,000. ಆದ್ದರಿಂದ 44,100 ಎಂಬುದು ಕೇಳುವ ಮಟ್ಟಿಗೆ ಸಾಕಾದ ದರವೇ ಹೌದು. ಡಿಜಿಟಲ್ ಧ್ವನಿಯೆಂದರೆ ಮೆಟ್ಟಿಲು ಮೆಟ್ಟಿಲಾಗಿ ತುಂಡರಿಸಿದ ಧ್ವನಿ ಎಂಬ ಪ್ರಚಲಿತ ಭಾವನೆ ಸರಿಯಲ್ಲ. ಡ್ಯಾಕಿನಿಂದ ಹೊರಬರುವುದು ನಯವಾದ ತರಂಗವೇ.

ಬಿಟ್ ಆಳ

ಪ್ರತಿಯೊಂದು ಅಳತೆಯನ್ನು ಎಷ್ಟು ಸೂಕ್ಷ್ಮವಾಗಿ ಬರೆದಿಡಲಾಯಿತು ಎಂಬುದು ಬಿಟ್ ಆಳ. ಲೆಕ್ಕ ಬರೆಯುವವನು ಪೈಸೆಯವರೆಗೆ ಬರೆಯುತ್ತಾನೋ, ಹತ್ತು ರೂಪಾಯಿಗೆ ಸರಿಮಾಡಿ ಬರೆಯುತ್ತಾನೋ ಎಂಬ ಪ್ರಶ್ನೆಯಂತೆಯೇ ಇದು. 16 ಬಿಟ್ಟಿನಲ್ಲಿ 65,536 ಹಂತಗಳಿವೆ; 24 ಬಿಟ್ಟಿನಲ್ಲಿ 1,67,77,216 ಹಂತಗಳಿವೆ. ಒಂದೊಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್‌ಗಳಂತೆ, 16 ಬಿಟ್ಟಿನಲ್ಲಿ ಅತಿ ಮೆಲುದನಿಗೂ ಅತಿ ಜೋರಿನ ದನಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರವನ್ನು ಹಿಡಿದಿಡಬಹುದು. ಸಾಧಾರಣ ಕ್ಯಾಸೆಟ್ಟಿನ ಅಂತರವು ಇದಕ್ಕಿಂತ ಬಹಳ ಕಡಿಮೆ.

ಹಾಗಿದ್ದ ಮೇಲೆ 24 ಬಿಟ್ ಏಕೆ? ಕೇಳುವುದಕ್ಕಲ್ಲ, ಮುದ್ರಿಸಿಕೊಳ್ಳುವುದಕ್ಕೆ. ಅಂಕಿಗಳಿಗೆ ಒಂದು ಗರಿಷ್ಠ ಮಿತಿಯುಂಟು. ಅದನ್ನು ಸೊನ್ನೆ ಡೆಸಿಬೆಲ್ ಎಂದು ಗುರುತಿಸುತ್ತಾರೆ. ಧ್ವನಿ ಅದನ್ನು ಮೀರಿದರೆ ತರಂಗದ ತುದಿಯು ಕತ್ತರಿಸಿದಂತೆ ಚಪ್ಪಟೆಯಾಗಿ ಕರ್ಕಶವಾಗುತ್ತದೆ. ಇದಕ್ಕೆ ಕ್ಲಿಪಿಂಗ್ ಎಂದು ಹೆಸರು. ಒಮ್ಮೆ ಕತ್ತರಿಸಿದ ತುದಿಯನ್ನು ಯಥಾವತ್ತಾಗಿ ಮರಳಿ ತರಲಾಗದು. ಭಜನೆಯಲ್ಲಿ ತಾಳಗಳು ಒಮ್ಮೆಲೇ ಏರುವಾಗ, ಗೀಗೀ ಮೇಳದಲ್ಲಿ ದಪ್ಪಿನ ಪೆಟ್ಟು ಬೀಳುವಾಗ ಇದು ಸಂಭವಿಸುತ್ತದೆ. 24 ಬಿಟ್ಟಿನಲ್ಲಿ ಮುದ್ರಿಸಿಕೊಂಡರೆ ಮಟ್ಟವನ್ನು 10–12 ಡೆಸಿಬೆಲ್ ತಗ್ಗಿಸಿಟ್ಟರೂ ಸೂಕ್ಷ್ಮತೆಗೆ ಧಕ್ಕೆ ಬರುವುದಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಮಟ್ಟದ ಸೂಚಿಯು ಕೆಂಪು ಗೆರೆಯನ್ನು ಮುಟ್ಟದಂತೆ ನೋಡಿಕೊಳ್ಳುವುದೇ ಕೆಲಸಗಾರನ ಮೊದಲ ಎಚ್ಚರಿಕೆ.

ಬಿಟ್ ದರ ಮತ್ತು ಸಂಕುಚನ

ಮಾದರಿ ದರ, ಬಿಟ್ ಆಳ ಮತ್ತು ಚಾನೆಲುಗಳ ಸಂಖ್ಯೆ (ಮಾನೋ ಆದರೆ 1, ಸ್ಟೀರಿಯೊ ಆದರೆ 2) ಈ ಮೂರನ್ನೂ ಗುಣಿಸಿದರೆ ಬರುವುದು ಬಿಟ್ ದರ. ಸಿಡಿಯ ಲೆಕ್ಕ ಹೀಗಿದೆ: 44,100 × 16 × 2 = 14,11,200 ಬಿಟ್, ಅಂದರೆ ಸೆಕೆಂಡಿಗೆ 1,411.2 ಕಿಲೋಬಿಟ್. ಹೀಗೆ ಏನನ್ನೂ ಕಿರಿದುಗೊಳಿಸದೆ ಬರೆದಿಟ್ಟ ಕಡತದ ಸಾಮಾನ್ಯ ರೂಪವೇ ವೇವ್ ಅಥವಾ ವ್ಯಾವ್.

ಕಡತವನ್ನು ಕಿರಿದುಗೊಳಿಸುವುದೇ ಸಂಕುಚನ. ಇದರಲ್ಲಿ ಎರಡು ಬಗೆಗಳಿವೆ. ಈ ಭೇದವನ್ನು ಪ್ರತಿಯೊಬ್ಬ ಗ್ರಾಹಕನೂ ತಿಳಿಯಬೇಕು.

ಮೊದಲನೆಯದು ನಷ್ಟರಹಿತ ಸಂಕುಚನ. 2001ರಲ್ಲಿ ಬಿಡುಗಡೆಯಾದ ಫ್ಲಾಕ್ ಇದಕ್ಕೆ ಉದಾಹರಣೆ. ಬಟ್ಟೆಯನ್ನು ಒತ್ತಾಗಿ ಮಡಚಿ ಗಂಟು ಕಟ್ಟಿದಂತೆ ಇದು. ಗಂಟು ಬಿಚ್ಚಿದಾಗ ಒಂದು ಎಳೆಯೂ ಕಡಿಮೆಯಾಗಿರುವುದಿಲ್ಲ. ಹಾಡಿನ ಸ್ವರೂಪವನ್ನು ಅವಲಂಬಿಸಿ ಕಡತದ ಗಾತ್ರವು ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ.

ಎರಡನೆಯದು ನಷ್ಟಸಹಿತ ಸಂಕುಚನ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರು ಪ್ರಮುಖ ಪಾತ್ರ ವಹಿಸಿ ರೂಪಿಸಿದ ಎಂಪಿ3 ಇದಕ್ಕೆ ಪ್ರಸಿದ್ಧ ಉದಾಹರಣೆ. ಕಡತಗಳಿಗೆ ಆ ಹೆಸರು ಬಂದುದು 1995ರಲ್ಲಿ. ಎಎಸಿ ಮತ್ತು ಓಪಸ್ ಇದೇ ಬಗೆಯ ಇತರ ರೂಪಗಳು. ಪಕ್ಕದಲ್ಲಿ ಡೊಳ್ಳು ಬಾರಿಸುತ್ತಿರುವಾಗ ಪಿಸುಮಾತು ಕೇಳಿಸದು; ಜೋರಿನ ಸದ್ದು ಹತ್ತಿರದ ಮೆಲುಸದ್ದನ್ನು ಮುಚ್ಚುತ್ತದೆ. ಕಿವಿಗೆ ಹೇಗಿದ್ದರೂ ಕೇಳಿಸದೆಂದು ಗಣಿತದ ಮೂಲಕ ತೀರ್ಮಾನಿಸಿ ಆ ಮೆಲುಸದ್ದಿನ ವಿವರಗಳನ್ನು ಕೈಬಿಡುವುದೇ ಈ ವಿಧಾನದ ತಿರುಳು. 320 ಕಿಲೋಬಿಟ್ ದರದಲ್ಲಿ ಮೂಲಕ್ಕೂ ಎಂಪಿ3ಗೂ ಭೇದ ಹೇಳುವುದು ಬಹುಪಾಲು ಶ್ರೋತೃಗಳಿಗೆ ಸಾಧ್ಯವಾಗುವುದಿಲ್ಲ. 128ಕ್ಕೆ ಇಳಿಸಿದಾಗ ಉಳಿಯುವುದು ಸಿಡಿಯ ಅಂಕಿಗಳ ಹನ್ನೊಂದನೆಯ ಒಂದು ಪಾಲು ಮಾತ್ರ. 64ಕ್ಕೆ ಇಳಿದರೆ ತಾಳದ ನಾದವು ನೀರಿನೊಳಗಿನಿಂದ ಕೇಳಿಸಿದಂತಾಗುತ್ತದೆ. ಹಳೆಯ ಕ್ಯಾಸೆಟ್ಟಿಗೆ ಇನ್ನೊಂದು ತೊಂದರೆಯೂ ಇದೆ. ಪಟ್ಟಿಯ ಸುಯ್ಯೆನ್ನುವ ಸದ್ದನ್ನು ಬರೆಯುವುದಕ್ಕೂ ಬಿಟ್ಟುಗಳು ಖರ್ಚಾಗುವುದರಿಂದ, ಕಡಿಮೆ ದರದಲ್ಲಿ ಹಾಡಿನ ಪಾಲಿಗೆ ಉಳಿಯುವುದು ಮತ್ತಷ್ಟು ಕಡಿಮೆ.

ಒಂದು ಗಂಟೆಯ ಸ್ಟೀರಿಯೊ ಕ್ಯಾಸೆಟ್ಟು ಎಷ್ಟು ಸ್ಥಳ ಹಿಡಿಯುತ್ತದೆ?

• ವೇವ್, 96 ಕಿಲೋಹರ್ಟ್ಸ್, 24 ಬಿಟ್: ಸುಮಾರು 2,074 ಮೆಗಾಬೈಟ್
• ವೇವ್, 48 ಕಿಲೋಹರ್ಟ್ಸ್, 24 ಬಿಟ್: ಸುಮಾರು 1,037 ಮೆಗಾಬೈಟ್
• ವೇವ್, 44.1 ಕಿಲೋಹರ್ಟ್ಸ್, 16 ಬಿಟ್: ಸುಮಾರು 635 ಮೆಗಾಬೈಟ್
• ಎಂಪಿ3, 320 ಕಿಲೋಬಿಟ್: 144 ಮೆಗಾಬೈಟ್
• ಎಂಪಿ3, 128 ಕಿಲೋಬಿಟ್: ಸುಮಾರು 58 ಮೆಗಾಬೈಟ್

ಮರಳಿ ಬಾರದ ದಾರಿ

ನಷ್ಟಸಹಿತ ಸಂಕುಚನದಲ್ಲಿ ಕೈಬಿಟ್ಟುದನ್ನು ಮತ್ತೆ ಪಡೆಯುವ ಉಪಾಯವಿಲ್ಲ. ಕೀರ್ದಿ ಇದ್ದರೆ ಖತಾವಣಿ ಮಾಡಬಹುದು, ತೇರೀಜು ತೆಗೆಯಬಹುದು, ಅಢಾವೆ ಪತ್ರಿಕೆಯನ್ನು ಸಿದ್ಧಪಡಿಸಬಹುದು. ಆದರೆ ಅಢಾವೆ ಪತ್ರಿಕೆಯೊಂದನ್ನೇ ಮುಂದಿಟ್ಟುಕೊಂಡು ವರ್ಷದ ಕೀರ್ದಿಯನ್ನು ಮತ್ತೆ ಬರೆಯಲು ಯಾವ ಲೆಕ್ಕಿಗನಿಂದಲೂ ಆಗದು. ವೇವ್ ಅಥವಾ ಫ್ಲಾಕ್ ಕಡತವು ಕೀರ್ದಿಯಿದ್ದಂತೆ. ಎಂಪಿ3 ಅಢಾವೆ ಪತ್ರಿಕೆಯಿದ್ದಂತೆ. ದಿನನಿತ್ಯದ ಉಪಯೋಗಕ್ಕೆ ಎರಡನೆಯದು ಸಾಕು. ಆದರೆ ಅದಿದೆಯೆಂದು ಕೀರ್ದಿಯನ್ನು ಯಾರೂ ಸುಡುವುದಿಲ್ಲ.

ಎಂಪಿ3 ಕಡತವನ್ನು ವೇವ್ ರೂಪಕ್ಕೆ ಪರಿವರ್ತಿಸಿದರೆ ಗಾತ್ರ ಹೆಚ್ಚುತ್ತದೆ, ಗುಣ ಹೆಚ್ಚುವುದಿಲ್ಲ. ಸವೆದ ಯಂತ್ರದ ಮೌಲ್ಯವನ್ನು ಪುಸ್ತಕದಲ್ಲಿ ಏರಿಸಿ ಬರೆದರೆ ಯಂತ್ರ ಹೊಸದಾಗದಷ್ಟೆ. ‘ಎಚ್‌ಡಿ ಧ್ವನಿ’ ಎಂಬ ಹೆಸರಿನಲ್ಲಿ ಇಂಥ ಪರಿವರ್ತನೆಗೆ ಹೆಚ್ಚಿನ ದರ ಕೇಳುವುದು ನ್ಯಾಯವಲ್ಲ. ಹಾಗೆಯೇ ಎಂಪಿ3ಯನ್ನು ಮತ್ತೆ ಮತ್ತೆ ಎಂಪಿ3 ಆಗಿಸುವಾಗ ಪ್ರತಿ ಸಲವೂ ಹೊಸ ನಷ್ಟ ಸೇರುತ್ತದೆ. ವಾಟ್ಸ್‌ಆ್ಯಪ್ ಮೂಲಕ ಕಳುಹಿಸುವಾಗ ಕಡತವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಅದು ಇದ್ದಂತೆಯೇ ತಲುಪುತ್ತದೆ. ಹಾಡನ್ನು ನುಡಿಸಿ ಧ್ವನಿಸಂದೇಶವಾಗಿ ಕಳುಹಿಸಿದರೆ ಅದು ಓಪಸ್ ರೂಪಕ್ಕೆ ಸಂಕುಚಿತಗೊಳ್ಳುತ್ತದೆ.

ಸುಯ್ಯೆನ್ನುವ ಸದ್ದನ್ನು ತೆಗೆಯುವ ತಂತ್ರಾಂಶಗಳ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಸದ್ದಿನ ಜೊತೆಗೆ ಹಾಡುಗಾರನ ಉಸಿರು, ಚೌಡಿಕೆಯ ತಂತಿಯ ಝೇಂಕಾರವೂ ಅಳಿಸಿಹೋಗಬಹುದು. ಕೀರ್ದಿಯಲ್ಲಿ ತಪ್ಪಾದರೆ ಕೆರೆದು ಅಳಿಸದೆ ತಿದ್ದುಪಡಿಯ ನಮೂದನ್ನು ಪ್ರತ್ಯೇಕವಾಗಿ ಬರೆಯುವುದು ಹಿಂದಿನಿಂದ ಬಂದ ಶಿಸ್ತು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕೆಂಬ ನಿಯಮವೂ ಕಡ್ಡಾಯವಾಗಿ ಜಾರಿಯಲ್ಲಿದೆ. ಧ್ವನಿಯಲ್ಲಿಯೂ ಮೂಲ ಕಡತವನ್ನು ಮುಟ್ಟದೆ, ಅದರ ಪ್ರತಿಯಲ್ಲಿ ಮಾತ್ರ ಶುದ್ಧೀಕರಣ ನಡೆಯಬೇಕು.

ಎಷ್ಟು ಗುಣಮಟ್ಟ ಸಾಕು?

ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್ಎ, ಅನಲಾಗ್ ಮುದ್ರಣಗಳ ಸಂರಕ್ಷಣೆಗೆ ಕನಿಷ್ಠ 48 ಕಿಲೋಹರ್ಟ್ಸ್ ಹಾಗೂ 24 ಬಿಟ್ ಇರಬೇಕೆಂದು ಸೂಚಿಸುತ್ತದೆ. ಸಂಗ್ರಹಾಲಯಗಳಲ್ಲಿ 96 ಕಿಲೋಹರ್ಟ್ಸ್ ಬಳಕೆಯೂ ಇದೆ. ಮನೆಯ ಕ್ಯಾಸೆಟ್ಟುಗಳಿಗೆ ಆ ಕನಿಷ್ಠ ಮಟ್ಟವೇ ಸಾಕಷ್ಟಾಯಿತು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯ ಮಧ್ಯಮ ತರಂಗದ ಪ್ರಸಾರವನ್ನು ಮನೆಯಲ್ಲಿ ಮುದ್ರಿಸಿಕೊಂಡ ಕ್ಯಾಸೆಟ್ಟಿನ ಉದಾಹರಣೆಯನ್ನು ನೋಡಬಹುದು. ಆ ಬಗೆಯ ಪ್ರಸಾರದಲ್ಲಿ ಸುಮಾರು 5 ಕಿಲೋಹರ್ಟ್ಸ್‌ಗಿಂತ ಮೇಲಿನ ಸ್ವರಾಂಶ ಹೆಚ್ಚಾಗಿ ಇರುವುದೇ ಇಲ್ಲ. ಅಂಥ ಮುದ್ರಣಕ್ಕೆ 96 ಅಥವಾ 192 ಕಿಲೋಹರ್ಟ್ಸ್ ಎಂದು ಹೆಚ್ಚಿನ ಹಣ ತೆರುವುದು ವ್ಯರ್ಥ. ಅದು ಒಂದೇ ಧ್ವನಿವರ್ಧಕದ ಮಾನೋ ಮುದ್ರಣವಾದ್ದರಿಂದ ಒಂದೇ ಚಾನೆಲಿನಲ್ಲಿ ಉಳಿಸಿದರೆ ಗಾತ್ರವೂ ಅರ್ಧವಾಗುತ್ತದೆ.

ಇಲ್ಲಿ ವ್ಯಾಪಾರದ ಲೆಕ್ಕವೊಂದನ್ನು ಗಮನಿಸಬೇಕು. ಒಂದು ಗಂಟೆಯ ಕ್ಯಾಸೆಟ್ಟನ್ನು ಮನೆಯ ಯಂತ್ರದಲ್ಲಿ ವರ್ಗಾಯಿಸಲು ಒಂದು ಗಂಟೆಯೇ ಬೇಕು. ಸಿ-90 ಆದರೆ ಒಂದೂವರೆ ಗಂಟೆ. ಹೆಡ್ಡನ್ನು ಸ್ವಚ್ಛಗೊಳಿಸುವುದು, ಮಟ್ಟವನ್ನು ಹೊಂದಿಸುವುದು, ಪಕ್ಕವನ್ನು ತಿರುಗಿಸುವುದು ಇವೆಲ್ಲ ಬೇರೆ. ಕಡತವು 128 ಕಿಲೋಬಿಟ್ಟಿನ ಎಂಪಿ3 ಆಗಿರಲಿ, 24 ಬಿಟ್ಟಿನ ವೇವ್ ಆಗಿರಲಿ, ಕೆಲಸಗಾರನ ಸಮಯ ಒಂದೇ. ವ್ಯತ್ಯಾಸವಿರುವುದು ಸಂಗ್ರಹದ ಸ್ಥಳದಲ್ಲಿ ಮಾತ್ರ. 48 ಕಿಲೋಹರ್ಟ್ಸ್, 24 ಬಿಟ್ಟಿನಲ್ಲಿ ಒಂದು ಗಂಟೆಯ 100 ಕ್ಯಾಸೆಟ್ಟುಗಳಿಗೆ ಬೇಕಾಗುವುದು ಸುಮಾರು 104 ಗಿಗಾಬೈಟ್. 1 ಟೆರಾಬೈಟ್ ಡಿಸ್ಕಿನ ಹತ್ತನೆಯ ಒಂದು ಪಾಲಿನಷ್ಟು. ಇಷ್ಟು ಅಲ್ಪ ಉಳಿತಾಯಕ್ಕಾಗಿ, ಮತ್ತೊಮ್ಮೆ ಸಿಗದ ಮುದ್ರಣವನ್ನು ಹದಿನೆಂಟನೆಯ ಪಾಲಿಗೆ ಇಳಿಸುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ.

ಸ್ಪೀಕರ್ ಕೊಳ್ಳುವಾಗ

ಡಿಜಿಟಲ್ ಕಡತ ಚೆನ್ನಾಗಿದ್ದರೂ ಕೊನೆಗೆ ಕಿವಿಗೆ ಮುಟ್ಟುವುದು ಸ್ಪೀಕರಿನ ಮೂಲಕ. ಅಗ್ಗದ ಸಾಧನಗಳ ಪೆಟ್ಟಿಗೆಯ ಮೇಲೆ ಕಾಣುವ ‘ಪಿಎಂಪಿಒ’ ವ್ಯಾಟುಗಳಿಗೆ ಎಲ್ಲರೂ ಒಪ್ಪಿದ ಅಳತೆಯ ಕ್ರಮವಿಲ್ಲ. ಅದು ಕ್ಷಣಮಾತ್ರದ ಕಾಲ್ಪನಿಕ ಗರಿಷ್ಠ. ಗ್ರಾಹಕನು ಕೇಳಬೇಕಾದುದು ‘ಆರ್‌ಎಂಎಸ್’ ವ್ಯಾಟು, ಅಂದರೆ ಸಾಧನವು ನಿರಂತರವಾಗಿ ನೀಡಬಲ್ಲ ಶಕ್ತಿ. ಬ್ಲೂಟೂತ್ ಸ್ಪೀಕರಿಗೆ ಹಾಡು ತಲುಪುವಾಗ ಸಾಮಾನ್ಯವಾಗಿ ಮತ್ತೊಮ್ಮೆ ನಷ್ಟಸಹಿತ ಸಂಕುಚನ ನಡೆಯುತ್ತದೆ. ಇದನ್ನು ಮಾಡುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ನಿತ್ಯದ ಕೇಳ್ವಿಕೆಗೆ ಇದರಿಂದ ಬಾಧೆಯಿಲ್ಲ. ಕೇಳುವಾಗಿನ ನಷ್ಟ ಆ ಹೊತ್ತಿನದು. ಮುದ್ರಿಸಿಡುವಾಗಿನ ನಷ್ಟ ಶಾಶ್ವತವಾದುದು.

ಬಿಲ್ಲಿನಲ್ಲಿ ಇರಬೇಕಾದ ಐದು ಅಂಶಗಳು

ಈ ಸೇವೆಯನ್ನು ನೀಡುವ ವರ್ತಕರು ತಮ್ಮ ಬಿಲ್ಲಿನಲ್ಲಿ ಕೆಳಗಿನ ವಿವರಗಳನ್ನು ನಮೂದಿಸುವುದು ಉಭಯರಿಗೂ ಹಿತ.

1. ಕ್ಯಾಸೆಟ್ಟುಗಳ ಸಂಖ್ಯೆ, ಹೊದಿಕೆಯ ಮೇಲಿನ ಬರಹ ಮತ್ತು ಪಡೆದಾಗ ಅವುಗಳಿದ್ದ ಸ್ಥಿತಿ.
2. ಮುದ್ರಣದ ಮಾದರಿ ದರ ಮತ್ತು ಬಿಟ್ ಆಳ.
3. ಮೂಲ ಕಡತದ ರೂಪ (ವೇವ್ ಅಥವಾ ಫ್ಲಾಕ್) ಮತ್ತು ಕೇಳುವ ಪ್ರತಿಯ ರೂಪ (ಎಂಪಿ3, ಅದರ ಬಿಟ್ ದರ ಸಹಿತ).
4. ಶುದ್ಧೀಕರಣ ಮಾಡಿದ್ದರೆ ಅದನ್ನು ಪ್ರತಿಯಲ್ಲಿ ಮಾತ್ರ ಮಾಡಲಾಗಿದೆ ಎಂಬ ಮಾತು.
5. ಮೂಲ ಕ್ಯಾಸೆಟ್ಟುಗಳನ್ನು ಮರಳಿಸಿದ ದಿನಾಂಕ.

ಒಪ್ಪಿಕೊಂಡ ಗುಣಮಟ್ಟದ ಸೇವೆ ನೀಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಅದು ಸೇವಾ ನ್ಯೂನತೆಯಾಗುತ್ತದೆ. ವಿವರಗಳು ಲಿಖಿತವಾಗಿದ್ದಾಗ ಗ್ರಾಹಕನಿಗೆ ಆಧಾರವೂ ಪ್ರಾಮಾಣಿಕ ವರ್ತಕನಿಗೆ ರಕ್ಷಣೆಯೂ ದೊರೆಯುತ್ತವೆ.

ಕೃತಿಸ್ವಾಮ್ಯದ ವಿಷಯದಲ್ಲಿಯೂ ಎಚ್ಚರ ಅಗತ್ಯ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು, ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. 1985ರಲ್ಲಿ ಪ್ರಕಟವಾದ ಕ್ಯಾಸೆಟ್ಟಿನ ಹಕ್ಕು 2045ರ ಕೊನೆಯವರೆಗೂ ಜೀವಂತ. ಖಾಸಗಿ ಉಪಯೋಗಕ್ಕೆ ನ್ಯಾಯೋಚಿತ ಮಿತಿಯಲ್ಲಿ ಕಾಯ್ದೆಯು ವಿನಾಯಿತಿ ನೀಡಿದೆ. ಆದರೆ ಒಬ್ಬ ಗ್ರಾಹಕ ತಂದ ಕಂಪನಿಯ ಕ್ಯಾಸೆಟ್ಟಿನಿಂದ ಪ್ರತಿ ಇಟ್ಟುಕೊಂಡು ಇತರರ ಮೆಮೊರಿ ಕಾರ್ಡಿಗೆ ತುಂಬಿ ಮಾರುವುದು ಅಪರಾಧ. ಅದಕ್ಕೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ ಮತ್ತು 50,000 ರೂಪಾಯಿಯಿಂದ 2 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ.

ವರ್ಗಾಯಿಸಿದ ನಂತರ

ಪೆನ್ ಡ್ರೈವ್ ಹಾಗೂ ಮೆಮೊರಿ ಕಾರ್ಡುಗಳು ಸಾಗಣೆಗೆ ಅನುಕೂಲವೇ ಹೊರತು ದೀರ್ಘಕಾಲದ ಸಂಗ್ರಹಕ್ಕೆ ಅಲ್ಲ. ಮೂಲ ಕಡತದ ಕನಿಷ್ಠ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದಾದರೂ ಬೇರೆ ಊರಿನಲ್ಲಿ ಅಥವಾ ಕ್ಲೌಡ್ ಸಂಗ್ರಹದಲ್ಲಿ ಇರಲಿ ಎಂಬುದು ಕಂಪ್ಯೂಟರ್ ಕ್ಷೇತ್ರದ ಮಾನ್ಯ ಸೂತ್ರ. ಕಡತಕ್ಕೆ ‘ಟ್ರ್ಯಾಕ್ 1’ ಎಂದು ಹೆಸರಿಡದೆ ಹಾಡಿದವರ ಹೆಸರು, ಊರು, ಸಂದರ್ಭ, ವರ್ಷಗಳನ್ನು ಬರೆಯಬೇಕು. ಆ ವಿವರವನ್ನು ಹೇಳಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ ಈ ಕೆಲಸ ಮುಗಿಯಬೇಕು. ಕ್ಯಾಸೆಟ್ಟನ್ನಂತೂ ಎಸೆಯಲೇಬಾರದು.

ತೂಕಕ್ಕೆ ಮುನ್ನ ಕಾಟಾ ಸರಿಯಾಗಿದೆಯೇ ಎಂದು ನೋಡದೆ ಬೈಲಹೊಂಗಲದ ಪೇಟೆಯಲ್ಲಿ ಯಾವ ರೈತನೂ ತನ್ನ ಮಾಲನ್ನು ಒಪ್ಪಿಸುವುದಿಲ್ಲ. ಮಾದರಿ ದರ, ಬಿಟ್ ಆಳ, ಬಿಟ್ ದರ, ನಷ್ಟರಹಿತ ರೂಪ, ಈ ನಾಲ್ಕು ಪದಗಳೇ ಧ್ವನಿಯ ವ್ಯವಹಾರದಲ್ಲಿ ಕಾಟಾ ಇದ್ದಂತೆ. ಕ್ಯಾಸೆಟ್ಟಿನ ಗಂಟನ್ನು ಹಿಡಿದು ಅಂಗಡಿಯ ಮೆಟ್ಟಿಲೇರುವ ಗ್ರಾಹಕನು ಈ ಪದಗಳನ್ನು ಕೇಳುವಂತಾಗಲಿ. ಅವನು ಕೇಳದಿದ್ದರೂ ವರ್ತಕನೇ ಅವುಗಳನ್ನು ಹೇಳಿ ಬಿಲ್ಲಿನಲ್ಲಿ ಬರೆದುಕೊಡುವಂತಾಗಲಿ.